ದಿಬ್ಬಕ್ಕೆ ಇಸ್ತ್ರಿ ಹಾಕಿದವಳು

ಸುಕ್ಕು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಲಾಡ್ಜಿನ ಹಾಸುಬಟ್ಟೆ ಇರಲಿ, ಗಂಡನ ಕರ್ಚೀಫು ಇರಲಿ, ಕಣ್ಣಿಗೆ ಬಿದ್ದ ಕೂಡಲೇ ಅದರ ಮೇಲೆ ಇಸ್ತ್ರಿಪೆಟ್ಟಿಗೆ ಓಡಾಡಬೇಕು. ಕಡಲ ದಂಡೆಯಲ್ಲಿ ಲಾಂಡ್ರಿ ಇಟ್ಟಿದ್ದ ಅವಳನ್ನು ಊರೆಲ್ಲ ಇಸ್ತ್ರಿಯಕ್ಕ ಎಂದೇ ಕರೆಯುತ್ತಿತ್ತು. ಇವಳ ಕೈಗೆ ಸಿಕ್ಕರೆ ಅಲೆಗಳನ್ನೂ ಮಡಚಿ ಇಡುತ್ತಾಳೆ ಎಂದು ಗಂಡ ನಗುತ್ತಿದ್ದ.

ಲಾಂಡ್ರಿಯ ಹಿಂದೆ, ಮನೆಗೂ ನೀರಿಗೂ ನಡುವೆ, ಮರಳಿನ ದಿಬ್ಬವೊಂದಿತ್ತು. ಅದರ ಮೈತುಂಬ ನೇರಳೆ ಹೂವಿನ ಬಳ್ಳಿ, ಮುಳ್ಳು ಮುಳ್ಳಾದ ಹುಲ್ಲು. ಅತ್ತೆಯ ಕಾಲದಲ್ಲಿ ಬಟ್ಟೆಯನ್ನು ಆ ಬಳ್ಳಿಯ ಮೇಲೇ ಹರಡಿ ಒಣಗಿಸುತ್ತಿದ್ದರು. ಇಸ್ತ್ರಿಯಕ್ಕನಿಗೆ ಅದು ಸರಿಬರಲಿಲ್ಲ. ಹುಲ್ಲಿಗೆ ಸಿಕ್ಕಿ ಬಟ್ಟೆಯ ಎಳೆ ಕಿತ್ತುಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ದಿಬ್ಬದ ಉಬ್ಬುತಗ್ಗು ದಿನವೂ ಕಣ್ಣು ಚುಚ್ಚುತ್ತಿತ್ತು. ಒಂದು ಚಳಿಗಾಲದಲ್ಲಿ ಕೂಲಿಯವರನ್ನು ಕರೆಸಿ ಬಳ್ಳಿಯನ್ನು ಬೇರುಸಹಿತ ಕೀಳಿಸಿದಳು, ದಿಬ್ಬವನ್ನು ಹರವಿ ಮಟ್ಟ ಮಾಡಿಸಿದಳು, ಕಂಬ ನೆಟ್ಟು ಹಗ್ಗ ಕಟ್ಟಿಸಿದಳು.

"ಸಮುದ್ರ ಒಂದು ಬಾಕಿ ಉಳೀತು ನೋಡು, ಅದಕ್ಕೂ ಇಸ್ತ್ರಿ ಹಾಕ್ಬಿಡು," ಎಂದರು ಅತ್ತೆ.

ಆ ಬೇಸಿಗೆಯಲ್ಲಿ ಮರಳು ಎದ್ದಿತು. ಹಿಡಿದಿಡುವ ಬಳ್ಳಿ ಇಲ್ಲದೆ ಗಾಳಿಯ ಜೊತೆ ಹಾರಿ ಒದ್ದೆ ಬಟ್ಟೆಗೆ ಮೆತ್ತಿತು. ಲಾಡ್ಜಿನವರು ಹಾಸುಬಟ್ಟೆಗಳನ್ನು ವಾಪಸ್ ಕಳಿಸಿದರು. ಇಸ್ತ್ರಿಯಕ್ಕ ಗಾಳಿಯನ್ನು ಬೈದಳು. ಆಮೇಲೆ ಮಳೆಗಾಲ ಹಿಡಿಯಿತು. ದಿಬ್ಬಕ್ಕೆ ಬಡಿದು ಸುಸ್ತಾಗಿ ಹಿಂತಿರುಗುತ್ತಿದ್ದ ಅಲೆ ಈಗ ಮಟ್ಟಸವಾದ ಅಂಗಳದಲ್ಲಿ ನೇರ ನಡೆದು ಬಂತು. ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತಿದ್ದಾಗ, ಹಿಂಬದಿಯ ಕೋಣೆಯ ಅಡಿಪಾಯ ಕುಸಿದು ಗೋಡೆ ಉರುಳಿತು. ಅದು ಅತ್ತೆಯ ಕೋಣೆ. ಅದರ ಪಕ್ಕದ್ದೇ ಇಸ್ತ್ರಿ ಕೋಣೆ. ಇನ್ನೊಂದು ಮಳೆಗಾಲ ಹೀಗೇ ಬಂದರೆ ಅದೂ ಹೋಗುತ್ತದೆ, ಅದರ ಜೊತೆ ಮನೆಯವರ ಅನ್ನವೂ.

ಅತ್ತೆಯ ಹಾಸಿಗೆ ಇಸ್ತ್ರಿ ಮೇಜಿನ ಪಕ್ಕಕ್ಕೆ ಬಂತು. ಅವರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿ ಸೊಸೆಗೆ ಅಳು ಬಂತು.

"ತಪ್ಪು ನಂದೇ, ಅತ್ತೆ."

"ಗೊತ್ತು ಬಿಡು. ಆಚೆ ದಂಡೇಲಿ ಆ ಬಳ್ಳಿ ಇನ್ನೂ ಇದೆ. ಅತ್ತು ಮುಗಿದ್ಮೇಲೆ ಹೋಗಿ ನಾಲ್ಕು ತುಂಡು ತಗೊಂಡು ಬಾ."

ಮಳೆ ಪೂರ್ತಿ ನಿಲ್ಲುವ ಮೊದಲೇ ತಂದು ಹೂತಳು. ಹಗ್ಗದ ಕಂಬಗಳಿಗೆ ಹರಿದ ಹಾಸುಬಟ್ಟೆಗಳನ್ನು ಅಡ್ಡ ಕಟ್ಟಿ ಹಾರುವ ಮರಳನ್ನು ತಡೆದಳು. ಒಣಗಿಸುವ ಕೆಲಸ ತಾರಸಿಗೆ ಹೋಯಿತು. ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಮೆಟ್ಟಿಲು ಹತ್ತಿ ಹತ್ತಿ ಮಂಡಿ ಹಿಡಿದುಕೊಂಡಿತು. ಮುಂದಿನ ಮಳೆಗಾಲ ನೀರು ಇಸ್ತ್ರಿ ಕೋಣೆಯ ಹೊಸ್ತಿಲತನಕ ಬಂತು. ಮನೆಮಂದಿ ಗಂಟುಮೂಟೆ ಕಟ್ಟಿಕೊಂಡು ನಿಂತರು. ನೀರು ಯಾಕೋ ಮನಸ್ಸು ಬದಲಿಸಿ ವಾಪಸಾಯಿತು. ಆಮೇಲೆ ಮರಳು ಅವಸರವಿಲ್ಲದೆ ಗುಪ್ಪೆಯಾಯಿತು, ಬಳ್ಳಿ ತನಗೆ ತೋಚಿದ ಕಡೆ ಹರಿಯಿತು. ಅದರ ಮರುವರ್ಷ ಅಲೆ ದಿಬ್ಬದ ಅಂಚನ್ನು ಕೆರೆದುಕೊಂಡು ಅಲ್ಲಿಂದಲೇ ತಿರುಗಿತು.

ಲಾಡ್ಜಿಗೆ ಹೊಸ ಮ್ಯಾನೇಜರ್ ಬಂದ. ಬಟ್ಟೆ ಒಯ್ಯಲು ಬಂದವನು ಹಿತ್ತಿಲ ಕಡೆ ಇಣುಕಿ ನೋಡಿದ.

"ಏನಕ್ಕ, ಇಷ್ಟು ನೀಟಾಗಿ ಕೆಲಸ ಮಾಡ್ತೀರಿ, ಹಿಂದೆ ನೋಡಿದ್ರೆ ಹೀಗೆ ಉಬ್ಬುತಗ್ಗು. ನಮ್ಮ ಹುಡುಗರನ್ನ ಕಳಿಸ್ತೀನಿ, ಅರ್ಧ ದಿನದಲ್ಲಿ ಮಟ್ಟ ಮಾಡಿ ಕೊಡ್ತಾರೆ."

ಒಳಗೆ ಮೇಜಿನ ಪಕ್ಕ ಅತ್ತೆ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಇಸ್ತ್ರಿಯಕ್ಕ ಕಾದ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದೇ ಬಾಗಿಲಿಗೆ ಬಂದಳು.

"ಅದನ್ನ ಮುಟ್ಟಿದ್ರೆ ನೋಡಿ," ಎಂದಳು ಮೆಲ್ಲಗೆ. "ಇಲ್ಲಿ ನಮ್ಮತ್ತೆ ಮಲಗಿದ್ದಾರೆ."