ಬೆಳ್ಳಿ ಪಟ್ಟಿಯ ಮೂರು ದಿನ

ಬೆಳಿಗ್ಗೆ ಆರಕ್ಕೆ ನೀರು ಕುದಿಸಿ, ಅಳತೆಯ ಉಪ್ಪು ಹಾಕಿ, ಆರಿಸಿ, ಗಾಯ ತೊಳೆಯುವುದು. ಹುದಿಕೇರಿ ಹತ್ತಿರದ ಎಸ್ಟೇಟಿನ ಡಿಸ್ಪೆನ್ಸರಿಯಲ್ಲಿ ಮೂವತ್ತು ವರ್ಷ ಕಾಂಪೌಂಡರ್ ಆಗಿ ನಾನು ಮಾಡಿದ್ದು ಇದನ್ನೇ. ಲೈನ್ ಮನೆಗಳ ಕೆಲಸಗಾರರ ಕತ್ತಿಯ ಗಾಯಗಳೆಲ್ಲ ಹೀಗೆಯೇ ಮಾಗಿದ್ದವು. ನನ್ನ ಹೆಂಡತಿಯ ಪಾದದ ಹುಣ್ಣು ಮಾತ್ರ ಮಾಗಲಿಲ್ಲ. ಅವಳಿಗೆ ಸಕ್ಕರೆ ಕಾಯಿಲೆ. ವಾರದೊಳಗೆ ಕಡಿಮೆಯಾಗದಿದ್ದರೆ ಪಾದವನ್ನೇ ತೆಗೆಯಬೇಕಾದೀತು ಎಂದು ಆಸ್ಪತ್ರೆಯ ಡಾಕ್ಟರು ಹೇಳಿಬಿಟ್ಟರು.

ಅಲ್ಲಿನ ಸಿಸ್ಟರ್ ಹೊಸ ಬಗೆಯ ಪಟ್ಟಿ ಕಟ್ಟಿದಳು. ಗಿಡದ ನಾರಿನಿಂದ ಮಾಡಿದ ಮೆತ್ತನೆಯ ಹಾಳೆ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣಗಳು. ನಾರು ಬೆಳ್ಳಿಯನ್ನು ಹಿಡಿದಿಟ್ಟುಕೊಂಡು ಸ್ವಲ್ಪ ಸ್ವಲ್ಪವೇ ಬಿಡುತ್ತದೆ, ಅದು ಕೀವಿನ ಕ್ರಿಮಿಗಳನ್ನು ಕೊಲ್ಲುತ್ತದೆ ಎಂದು ವಿವರಿಸಿ, "ಮೂರು ದಿನ ಬಿಚ್ಚಬೇಡಿ ಅಂಕಲ್" ಎಂದಳು.

ತಲೆಯಾಡಿಸಿದೆ. ಮರುದಿನ ಆರಕ್ಕೆ ಬಿಚ್ಚಿದೆ. ಮೂರು ದಿನ ಮುಚ್ಚಿಟ್ಟ ಗಾಯ ಕೊಳೆಯದೆ ಇರುತ್ತದೆಯೇ? ಹಾಳೆ ಅಂಟಿಕೊಂಡಿತ್ತು; ಉಪ್ಪುನೀರು ಸುರಿದು ನೆನೆಸಿ ಎಬ್ಬಿಸಿದೆ, ಗಾಯ ತೊಳೆದೆ, ಅದೇ ಹಾಳೆಯನ್ನು ಮತ್ತೆ ಹೊದಿಸಿ ಕಟ್ಟಿದೆ. ಅದರ ಮರುದಿನವೂ ಹಾಗೆಯೇ.

"ಸಿಸ್ಟರ್ ಬಿಚ್ಚಬೇಡಿ ಅಂದಿದ್ರಲ್ಲ" ಎಂದಳು ಹೆಂಡತಿ.

"ಅವಳು ಹುಟ್ಟೋಕೆ ಮುಂಚೆ ನಾನು ಪಟ್ಟಿ ಕಟ್ತಿದ್ದೆ."

"ಕಾಲು ನಂದು ರೀ."

ಮೂರನೆಯ ದಿನ ವಾಸನೆ ಬಂತು. ಹೆಬ್ಬೆರಳು ಕಪ್ಪಾಗಿತ್ತು. ಜೀಪು ಹಿಡಿದು ಆಸ್ಪತ್ರೆಗೆ ಓಡಿದೆವು. ಸಿಸ್ಟರ್ ಹಾಳೆಯನ್ನು ಮುಟ್ಟಿ ನೋಡಿದಳು.

"ಯಾವುದ್ರಲ್ಲಿ ನೆನೆಸಿದ್ರಿ ಇದನ್ನ?"

"ಉಪ್ಪುನೀರು. ಕುದಿಸಿ ಆರಿಸಿದ್ದು."

"ಉಪ್ಪು ಸೇರಿದ್ರೆ ಬೆಳ್ಳಿ ಅದ್ರ ಜೊತೆ ಕೂಡಿಕೊಂಡುಬಿಡ್ತದೆ ಅಂಕಲ್. ಕ್ರಿಮಿ ಕೊಲ್ಲೋಕೆ ಉಳಿಯೋದೇ ಕಮ್ಮಿ. ಬಿಚ್ಚಬೇಡಿ ಅಂತ ಹೇಳಿದ್ನಲ್ಲ."

ಹೆಬ್ಬೆರಳನ್ನು ಅಂದೇ ತೆಗೆದರು. ಪಾದದ ವಿಷಯ ಇನ್ನೂ ಮೂರು ದಿನ ನೋಡೋಣ ಎಂದು ಹೊಸ ಹಾಳೆ ಕಟ್ಟಿ ವಾರ್ಡಿನಲ್ಲಿ ಮಲಗಿಸಿದರು.

ದಿನವೂ ಬೆಳಿಗ್ಗೆ ಆರಕ್ಕೆ ಅವಳ ಮಂಚದ ಪಕ್ಕ ಕುಳಿತೆ. ಮಾಡಲು ಏನೂ ಇರಲಿಲ್ಲ. ಪಟ್ಟಿಯ ಅಂಚನ್ನು ಮೂಸಿದೆ, ಏನೂ ತಿಳಿಯಲಿಲ್ಲ. ಯಾವ ದೇವರನ್ನು ಕರೆಯುವುದೆಂದೂ ತಿಳಿಯಲಿಲ್ಲ. ಎರಡನೆಯ ದಿನ ಕೈ ತಾನಾಗಿ ಗಂಟಿನ ಮೇಲೆ ಹೋಯಿತು. ಅವಳು ಕಣ್ಣು ತೆರೆಯದೆ, "ಅಲ್ಲಿಂದ ಕೈ ತೆಗೀರಿ. ಹೋಗಿ ಕಾಫಿ ತನ್ನಿ" ಎಂದಳು.

ಮೂರನೆಯ ದಿನ ಸಿಸ್ಟರ್ ಬಿಚ್ಚುವಾಗ ನಾನು ಗೋಡೆಯ ಕಡೆ ತಿರುಗಿ ನಿಂತಿದ್ದೆ.

"ಕೆಂಪಗಿದೆ ಅಂಕಲ್, ಒಳ್ಳೆ ಕೆಂಪು. ಹೊಸ ಮಾಂಸ ಬರ್ತಾ ಇದೆ" ಎಂದಳು.

ಪಾದ ಉಳಿಯಿತು. ಹೆಬ್ಬೆರಳಿಲ್ಲದ ಆ ಕಾಲಿನಲ್ಲಿ ಚಪ್ಪಲಿ ನಿಲ್ಲುವುದಿಲ್ಲ. ಅದಕ್ಕೆ ಹಾಕಿಸಿದ ಹಿಂಬದಿಯ ಪಟ್ಟಿ ಬಿಗಿಯುವುದು ನಾನೇ. ಅವಳು ಹೇಳಿದ ಹೊತ್ತಿಗೆ.