ಬೀಗರನ್ನು ಎದುರುಗೊಳ್ಳುವ ಟಿವಿ ರಾಗ

ನನಗೆ ಗೊತ್ತಾದದ್ದನ್ನು ಇನ್ನೊಬ್ಬರಿಗೆ ಹೇಳದೆ ಇರಲಾರೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಇದು ಆ ಜಾತಿಯದು. ನನ್ನ ಗಂಡ ಅದನ್ನು ಚಾಳಿ ಎಂದು ಕರೆಯುತ್ತಾರೆ. ನಾನು ಇಷ್ಟು ವರ್ಷ ಅದನ್ನು ಒಳ್ಳೆಯತನ ಎಂದುಕೊಂಡಿದ್ದೆ. ಕಳೆದ ಚಳಿಗಾಲದಿಂದ ಹಾಗೆ ಅಂದುಕೊಳ್ಳುವುದನ್ನು ಬಿಟ್ಟಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಹರಿಹರದಲ್ಲಿ. ನಮ್ಮ ಬೀದಿಗೆ ಟಿವಿ ಮೊದಲು ಬಂದದ್ದು ನಮ್ಮ ಮನೆಗೇ. ಅಪ್ಪನದು ಕಾಳಿನ ವ್ಯಾಪಾರ, ಕೈಯಲ್ಲಿ ಸ್ವಲ್ಪ ದುಡ್ಡು ಆಡುತ್ತಿತ್ತು. ಕಪ್ಪು-ಬಿಳುಪಿನ ಪೆಟ್ಟಿಗೆ, ಅದಕ್ಕೊಂದು ಮರದ ಜಾರುಬಾಗಿಲು, ಆ ಬಾಗಿಲಿಗೊಂದು ಬೀಗ. ಬೀಗದ ಕೈ ಅಜ್ಜಿಯ ಸೊಂಟದಲ್ಲಿ. ಮಾಳಿಗೆಯ ಮೇಲೆ ನಿಂತು ಆಂಟೆನಾ ತಿರುಗಿಸುತ್ತ "ಬಂತಾ?" ಎಂದು ಕೂಗುವುದು ಅಣ್ಣನ ಕೆಲಸ. ಕೆಳಗಿನಿಂದ "ಬಂತು, ಬಂತು, ಅಯ್ಯೋ ಹೋತು" ಎಂದು ಕೂಗುವುದು ನನ್ನದು.

ಎದುರುಮನೆಯಲ್ಲಿ ಬ್ಯಾಂಡ್ ಮಾಸ್ತರರು ಇದ್ದರು. ಮದುವೆ ಬ್ಯಾಂಡಿನಲ್ಲಿ ಕ್ಲಾರ್ನೆಟ್ ನುಡಿಸುತ್ತಿದ್ದರು. ಅವರ ಮಗಳು ನನ್ನ ಜೀವದ ಗೆಳತಿ, ಅವಳ ಅಪ್ಪ ನನಗೂ ಬೀದಿಗೂ ಚಾಚಾ. ಭಾನುವಾರದ ಸಿನಿಮಾಕ್ಕೆ ಗೆಳತಿ ತಪ್ಪದೆ ಬರುತ್ತಿದ್ದಳು. ಚಾಚಾ ಮಾತ್ರ ವರ್ಷಕ್ಕೆ ಒಂದೇ ಸಂಜೆ ಬರುತ್ತಿದ್ದರು. ಗಣರಾಜ್ಯೋತ್ಸವ ಕಳೆದು ಕೆಲವು ದಿನಕ್ಕೆ ದೆಹಲಿಯಲ್ಲಿ ಸೈನಿಕರ ಬ್ಯಾಂಡುಗಳು ನುಡಿಸುವುದನ್ನು ತೋರಿಸುತ್ತಾರಲ್ಲ, ಅದಕ್ಕಾಗಿ. ಅಂದು ಇಸ್ತ್ರಿ ಅಂಗಿ ಹಾಕಿ, ತಲೆ ಬಾಚಿಕೊಂಡು, ಮದುವೆಗೆ ಬಂದವರಂತೆ ಗೋಡೆಗೆ ಒರಗಿ ಕೂರುತ್ತಿದ್ದರು. ಕೊಳವೆ ಚುಚ್ಚಿದ ಚೀಲವನ್ನು ಕಂಕುಳಲ್ಲಿ ಅವುಚಿಕೊಂಡ ಸೈನಿಕರ ಸಾಲು ಬಂದರೆ ಸಾಕು, ಯಾರೂ ಉಸಿರೆತ್ತುವಂತಿರಲಿಲ್ಲ. ನುಡಿಸುತ್ತಿದ್ದುದು ಸ್ಕಾಟ್ಲೆಂಡಿನ ಜನಪದ ರಾಗ. ಟಿವಿಯವರು ಇಂಗ್ಲಿಷಿನಲ್ಲಿ ಇನ್ನೂ ಏನೇನೋ ಹೇಳುತ್ತಿದ್ದರು, ನಮಗೆ ತಿಳಿದದ್ದು ಸ್ಕಾಟ್ಲೆಂಡ್ ಎಂಬ ಒಂದೇ ಮಾತು.

"ಆಡಿನ ಕುತ್ತಿಗಿ ಹಿಸುಕಿದಂಗ ಐತೆ. ಆ ಬಾಗ್ಲ ಎಳೀರಿ ಅತ್ಲಾಗೆ" ಎನ್ನುತ್ತಿದ್ದರು ಅಜ್ಜಿ.

"ಇನ್ನೊಂದ್ ಸ್ವಲ್ಪ ತಡೀರಿ ಅವ್ವಾ, ನಿಮ್ಮ ಕಾಲಿಗೆ ಬೀಳ್ತೀನಿ" ಎನ್ನುತ್ತಿದ್ದರು ಚಾಚಾ, ಕಣ್ಣು ಟಿವಿಯಿಂದ ಕೀಳದೆ.

ಅವರಿಗೆ ಅದರಲ್ಲೊಂದು ರಾಗ ಬೇಕಿತ್ತು. ಟೇಪ್ ರೆಕಾರ್ಡರ್ ನಮ್ಮ ಬೀದಿಗೆ ಇನ್ನೂ ಬಂದಿರಲಿಲ್ಲ. ಮೊದಲ ಜನವರಿಯಲ್ಲಿ ರಾಗದ ತಲೆ ಸಿಕ್ಕಿತು. ಗುನುಗುತ್ತಲೇ ಬೀದಿ ದಾಟಿ ಮನೆಗೆ ಓಡಿದರು, ದಾರಿಯಲ್ಲಿ ಯಾರೋ ಮಾತಾಡಿಸಿದ್ದಕ್ಕೆ ಬೈದರಂತೆ. ಮುಂದಿನ ಜನವರಿ ನಡುಭಾಗ ಬರುವಷ್ಟರಲ್ಲಿ ಕರೆಂಟ್ ಹೋಯಿತು. ಅವತ್ತು ಚಾಚಾ ಊಟ ಮಾಡಲಿಲ್ಲ ಎಂದು ಗೆಳತಿ ಹೇಳಿದಳು. ಮೂರನೆಯ ಜನವರಿ ನಡುಭಾಗವೂ ಸಿಕ್ಕಿತು, ಆದರೆ ಕೊನೆ ಬರುವ ಮುಂಚೆಯೇ ಆಂಟೆನಾದ ಮೇಲೆ ಕಾಗೆ ಕೂತು ಎಲ್ಲ ಕಲಸಿಹೋಯಿತು. ಆಮೇಲೆ ಆ ರಾಗ ಟಿವಿಯಲ್ಲಿ ಬರಲೇ ಇಲ್ಲ. ಚಾಚಾ ಕಾದು ಸಾಕಾಗಿ, ಕೊನೆಯನ್ನು ತಾವೇ ಕಟ್ಟಿದರು. ಡೋಲಿಗೆ ಹೊಂದಲಿ ಎಂದು ಇಡೀ ರಾಗವನ್ನು ಒಂಚೂರು ಚುರುಕು ಮಾಡಿದರು.

ನಮ್ಮ ಕಡೆ ಬೀಗರನ್ನು ಎದುರುಗೊಳ್ಳುವುದು ದೊಡ್ಡ ಸಂಗತಿ. ಗಂಡಿನವರು ಬಾಗಿಲಿಗೆ ಬಂದು ನಿಂತಾಗ ತುಂಬಿದ ಬಿಂದಿಗೆ, ಆರತಿ, ಬಾಯಿಗೆ ಸಕ್ಕರೆ. ಆ ಹೊತ್ತಿಗೆ ಚಾಚಾ ತಮ್ಮ ಸ್ಕಾಟ್ಲೆಂಡ್ ತೆಗೆದರು. ಒಂದು ಮದುವೆಯಲ್ಲಿ ಕೇಳಿದವರು ಇನ್ನೊಂದಕ್ಕೆ ಕೇಳಿ ಪಡೆದರು. "ಟಿವಿ ರಾಗ ಬಾರಸ್ರಿ" ಎಂದು ಬೀಗರೇ ಹಟ ಹಿಡಿದು ಬಾಗಿಲಲ್ಲಿ ನಿಲ್ಲುವ ಕಾಲ ಬಂತು. ಹಿಂದೂಗಳ ಮದುವೆ, ಮುಸ್ಲಿಮರ ಮದುವೆ, ಭಾನುವಳ್ಳಿ, ಕೊಂಡಜ್ಜಿ, ದಾವಣಗೆರೆ, ಎಲ್ಲೆಡೆ ಅದೇ ರಾಗ. ನನ್ನನ್ನು ಕಟ್ಟಿಕೊಂಡವರೂ ಅದೇ ರಾಗದಲ್ಲಿ ಒಳಗೆ ಬಂದರು. ಗೆಳತಿಯ ಗಂಡನೂ ಬಂದ. ಆತ ಒಳ್ಳೆಯವನು. ಮಗಳು ಅಂಬೆಗಾಲಿಡುವ ಹೊತ್ತಿಗೆ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ಹೋಗಿಬಿಟ್ಟ. ಗೆಳತಿ ತವರಿಗೆ ಬಂದು, ಹೊಲಿಗೆ ಯಂತ್ರ ಹಾಕಿಕೊಂಡು ಮಗಳನ್ನು ಬೆಳೆಸಿದಳು.

ಆ ಮಗಳ ಮದುವೆ ಕಳೆದ ಚಳಿಗಾಲದಲ್ಲಿ ಗೊತ್ತಾಯಿತು. ಚಾಚಾ ಬ್ಯಾಂಡ್ ಬಿಟ್ಟು ಎಷ್ಟೋ ಕಾಲವಾಗಿತ್ತು. ಈಗ ಎಲ್ಲ ಕೀಬೋರ್ಡು, ಡಿಜೆ. ಆದರೆ ಮೊಮ್ಮಗಳ ಮದುವೆಗೆ ಬೀಗರನ್ನು ತಾನೇ ಎದುರುಗೊಳ್ಳುತ್ತೇನೆಂದು ಮುದುಕ ಅಟ್ಟದಿಂದ ಕ್ಲಾರ್ನೆಟ್ ಇಳಿಸಿದ್ದಾರೆ, ಊದುವ ಬಾಯಿಗೆ ಹೊಸ ರೀಡ್ ತರಿಸಿದ್ದಾರೆ, ದಿನಾ ಸಾಧನೆ ಮಾಡುತ್ತಾರೆ ಎಂದು ಗೆಳತಿ ಫೋನಿನಲ್ಲಿ ಹೇಳಿ ನಕ್ಕಳು. "ಉಸಿರು ಸಾಲಂಗಿಲ್ಲ, ಆದ್ರೂ ಬಿಡಂಗಿಲ್ಲ. ಅಪ್ಪಂದು ಹೆಂಗೈತೆ ಅಂದ್ರ ಮದಲಿಂಗ ಅವ್ನೇ ಅನ್ನಂಗೈತೆ!"

ಅದೇ ವಾರ ನಾನು, ಇಲ್ಲಿ ದಾವಣಗೆರೆಯ ಮನೆಯಲ್ಲಿ, ಫೋನಿಗೆ ಹಾಡು ಗುನುಗಿದರೆ ಅದು ಯಾವುದೆಂದು ಫೋನೇ ಹುಡುಕಿಕೊಡುತ್ತದೆ ಎಂಬುದನ್ನು ಕಲಿತಿದ್ದೆ. ಟಿವಿ ರಾಗ ಗುನುಗಿದೆ. ನನ್ನ ಗಂಟಲಿಗೂ ಅದು ಹೆದರಲಿಲ್ಲ, ಹುಡುಕಿಕೊಟ್ಟಿತು. ಓದಿ ನೋಡಿದೆ, ವಿಡಿಯೊ ನೋಡಿದೆ, ಖುಷಿಯಲ್ಲಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ತಿಂಡಿ ಕೂಡ ಮಾಡದೆ ಹರಿಹರದ ಬಸ್ಸು ಹತ್ತಿದೆ.

ಗೆಳತಿ ಸೀರೆ ಬಳೆ ತರಲು ಅದೇ ಹೊತ್ತಿಗೆ ದಾವಣಗೆರೆಗೆ ಹೋಗಿದ್ದಳು. ಚಾಚಾ ಒಬ್ಬರೇ ಕ್ಲಾರ್ನೆಟ್ ಒರೆಸುತ್ತ ಕೂತಿದ್ದರು. "ಬಾ ಬೇಟಾ, ಕೂಡು" ಎಂದರು. ನಾನು ಕೂರುವ ಮೊದಲೇ ಫೋನು ಅವರ ಕಿವಿಗೆ ಹಿಡಿದೆ.

"ಅದೇ! ಅದೇ ಐತೆ ನೋಡು!" ಎಂದರು. ಅವರ ಬೆರಳುಗಳು ಮಂಡಿಯ ಮೇಲೆ ಆಡತೊಡಗಿದವು. ಕೊನೆಯ ಭಾಗ ಬಂದಾಗ ಕಣ್ಣು ಮುಚ್ಚಿಕೊಂಡರು. ಇಷ್ಟು ವರ್ಷ ಸಿಗದ ಕೊನೆ ಅದು. "ಯಾ ಅಲ್ಲಾ, ಹಿಂಗ ಮುಗಿಸ್ತಾರೇನು" ಎಂದು ಕಣ್ಣು ತೆರೆದು, ಆಗ ಮೊದಲ ಬಾರಿ ಚಿತ್ರ ನೋಡಿದರು. ಮಳೆ, ಹುಲ್ಲು, ಬಾವುಟ ಹೊದಿಸಿದ ಪೆಟ್ಟಿಗೆ ಹೊತ್ತ ಸೈನಿಕರು, ದೂರದಲ್ಲಿ ಒಬ್ಬನೇ ನಿಂತು ನುಡಿಸುವವನು.

"ಏನು ನಡೆದೈತೆ ಅಲ್ಲಿ?"

"ಅದೇ ಚಾಚಾ ತಮಾಷೆ! ಇದು ಸತ್ತವರಿಗೆ ನುಡಿಸೋ ರಾಗ. ಮಣ್ಣು ಮಾಡೋವಾಗ. ನಾವು ನೋಡ್ರಿ, ಇಷ್ಟು ವರ್ಷ ಬೀಗರನ್ನ ಇದ್ರಾಗ ಕರಕೊಂಡೀವಿ!" ಎಂದು ಹೇಳಿ ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಬೇರೆ ಎಲ್ಲವನ್ನೂ ನಾನು ನನಗೆ ಕ್ಷಮಿಸಿಕೊಂಡೇನು, ಆ ನಗುವನ್ನು ಆಗುತ್ತಿಲ್ಲ.

ಚಾಚಾ ನಗಲಿಲ್ಲ. "ಮಯ್ಯತ್ತಿಂದು, ಹೆಣದ ಮುಂದಿಂದು" ಎಂದರು. ಒರೆಸುವ ಬಟ್ಟೆ ಕೆಳಗಿಟ್ಟು, "ನನ್ನ ಮಗಳ ಮದುವಿಗೂ ನಾನೇ ನುಡಿಸೀನಲ್ಲ" ಎಂದರು.

ಆಗ ನನಗೆ ನೆನಪಾಯಿತು. ಜೀವದ ಗೆಳತಿ ಎನ್ನುತ್ತೇನೆ, ಅವಳ ಗಂಡ ಸತ್ತದ್ದು ಬಸ್ಸಿನ ದಾರಿಯುದ್ದಕ್ಕೂ ನನ್ನ ತಲೆಗೆ ಒಮ್ಮೆಯೂ ಬಂದಿರಲಿಲ್ಲ. ಗಾಬರಿಯಲ್ಲಿ ಏನೇನೋ ಹೇಳಿದೆ. ಇದೆಲ್ಲ ಮೂಢನಂಬಿಕೆ, ನೀವೇ ನಂಬದವರು, ರಾಗಕ್ಕೇನು ಗೊತ್ತು ಲಾರಿ ವಿಷಯ. ನನ್ನ ಮದುವೆಗೂ ನುಡಿಸಿದ್ದೀರಿ, ನೋಡ್ರಿ, ನಮ್ಮನೆಯವರು ಗುಂಡುಕಲ್ಲಿನ ಹಾಗಿದ್ದಾರೆ. ಚಾಚಾ ಎಲ್ಲಕ್ಕೂ "ಹೌದು, ಹೌದು" ಎಂದರು. ಕ್ಲಾರ್ನೆಟ್ಟನ್ನು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟರು. "ಅವಳಿಗೆ ಹೇಳಬ್ಯಾಡ ಬೇಟಾ. ನನ್ನಾಣೆ ಐತೆ" ಎಂದರು. ಆಣೆ ಮಾಡಿದೆ.

ಆಮೇಲೆ ಅವರ ಫೋನು ಶುರುವಾಯಿತು. ಭಾನುವಳ್ಳಿಗೆ ಕೊಟ್ಟ ಹುಡುಗಿ ಹೆಂಗದಾಳೆ? ನಿಮ್ಮ ದೊಡ್ಡಪ್ಪನ ಸೊಸೆಗೆ ಮಕ್ಕಳಾದವೇನು? ದಾವಣಗೆರೆಯ ಆ ಜವಳಿ ಅಂಗಡಿಯವರ ಮಗಳು? ತಾವು ನುಡಿಸಿದ ಮದುವೆಯ ಹೆಣ್ಣುಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ನೆನೆಸಿಕೊಂಡು ಕೇಳುತ್ತಿದ್ದರು. ನಾನು ಯಾರ ಯಾರದೋ ನಂಬರು ಹುಡುಕಿ, ಸುಮ್ಮನೆ ಮಾತಾಡಿಸಿದವಳಂತೆ ಕ್ಷೇಮ ವಿಚಾರಿಸಿ ತಿಳಿಸುತ್ತಿದ್ದೆ. ಬಹಳ ಜನ ಚೆನ್ನಾಗಿದ್ದರು, ನಮ್ಮ ನಿಮ್ಮ ಹಾಗೆ ಸಕ್ಕರೆ ಕಾಯಿಲೆ, ಮಂಡಿನೋವು ಇಟ್ಟುಕೊಂಡು. ಒಬ್ಬಳು ಗಂಡನನ್ನು ಬಿಟ್ಟು ಬಂದಿದ್ದಳು. ಇನ್ನೊಬ್ಬಳು ಬದುಕಿರಲೇ ಇಲ್ಲ. ಇಬ್ಬರೂ ಆರಾಮ ಇದ್ದಾರೆ ಎಂದೆ. "ಆರಾಮ ಅದಾರಾ" ಎಂದು ಚಾಚಾ ನಾನು ಹೇಳಿದ್ದನ್ನೇ ತಿರುಗಿ ಹೇಳುತ್ತಿದ್ದರು. ನಂಬಿದರೋ ಇಲ್ಲವೋ ತಿಳಿಯುತ್ತಿರಲಿಲ್ಲ. ನನಗೋ ಗೆಳತಿಗೆ ಹೇಳಿಬಿಡಬೇಕೆಂದು ದಿನಾ ಅನ್ನಿಸುತ್ತಿತ್ತು. ಹುಟ್ಟಿದಂದಿನಿಂದ ಒಂದು ಮಾತನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳದವಳು, ಹೇಳಬೇಕಾದ ಒಂದೇ ಒಂದು ಸಲ ಆಣೆ ಹಿಡಿದುಕೊಂಡು ಕೂತೆ.

ಮದುವೆ ಹರಿಹರದಲ್ಲೇ ಆಯಿತು. ಗಂಡಿನವರು ಬಾಗಿಲಿಗೆ ಬಂದಾಗ ಸ್ಪೀಕರಿನಲ್ಲಿ ಯಾವುದೋ ಹೊಸ ಹಾಡು ಹಾಕಿದರು. ಚಾಚಾ ಹೊಸ ಶೇರ್ವಾನಿ ತೊಟ್ಟು ಎಲ್ಲರಿಗೂ ಸಲಾಂ ಹೇಳುತ್ತಿದ್ದರು. ಉಸಿರು ಕೈಕೊಟ್ಟಿತು, ವಯಸ್ಸಾಯ್ತಲ್ಲ ಎಂದು ಕೇಳಿದವರಿಗೆಲ್ಲ ಹೇಳಿದರು. ನನ್ನನ್ನು ಕಂಡು ತಲೆ ಮೇಲೆ ಕೈ ಇಟ್ಟರು, ಅಷ್ಟೇ.

ಊಟದ ಹೊತ್ತಿಗೆ ಗೆಳತಿ ನನ್ನ ಪಕ್ಕ ಬಂದು ಕೂತಳು. ಅತ್ತು ಕಣ್ಣು ಕೆಂಪಾಗಿತ್ತು.

"ಉಸಿರಿನ ಮಾತು ಸುಳ್ಳು ಕಣೇ. ಹಿಂದಿನ ತಿಂಗಳು ಪೂರ್ತಿ ರಾಗ ನುಡಿಸ್ಯಾನ, ನಾ ಕೇಳೀನಿ. ಯಾಕ ಬಿಟ್ಟನೋ ಗೊತ್ತಿಲ್ಲ. ನನ್ನ ಮದುವ್ಯಾಗ ಅಪ್ಪ ಅದನ್ನ ನುಡಿಸ್ತಾ ಮುಂದೆ, ಅವರು ಹಿಂದೆ ನಗ್ತಾ ಬಂದ್ರಲ್ಲ, ಅವರ ಆ ಮುಖ ಒಂದೇ ನನಗೆ ಇನ್ನೂ ಸರಿಯಾಗಿ ನೆನಪೈತೆ. ಆ ರಾಗ ಕೇಳಿದ್ರ ಬರ್ತದ, ಇಲ್ಲಂದ್ರ ಇಲ್ಲ. ಇವತ್ತು ಒಂದ್ಸಲ ನೋಡಬೇಕಿತ್ತು."

ನಾನು ನೀರಿನ ಲೋಟ ಅವಳ ಕಡೆ ಸರಿಸಿದೆ.

"ನಿನ್ನ ಮಾತು ಅಂದ್ರ ಅಪ್ಪ ಕೇಳ್ತಾನ. ನೀನಾರ ಒಂದು ಮಾತು ಹೇಳಬಾರದಿತ್ತಾ?" ಎಂದಳು.

"ಹೇಳಬಹುದಿತ್ತು" ಎಂದೆ.