ಓತಿಲಿಯಕ್ಕನ ನಾಲ್ಕು ಹಾಳೆ

ಚಿಲೋಯೆ ದ್ವೀಪಗಳ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ ಭೂಕಂಪಕ್ಕೆ ಒಂದು ಅಧ್ಯಾಯ, ಸ್ಪೇನಿನ ದಂಡಿಗೆ ಒಂದು ಅಧ್ಯಾಯ, ಓತಿಲಿಯಾಳ ರೇಡಿಯೊ ಸಂದೇಶಗಳಿಗೆ ಕಡಿಮೆಯೆಂದರೂ ಮೂರು ಅಧ್ಯಾಯ ಬೇಕು. ಫೋನಿಲ್ಲದ ಮನೆಗಳವರು ತಮ್ಮವರಿಗೆಂದು ಬರೆದು ಕಳಿಸಿ, ಮಧ್ಯಾಹ್ನ ರೇಡಿಯೊದಲ್ಲಿ ಓದಿಸುವ ಸಂದೇಶಗಳಲ್ಲಿ ಉಳಿದವರದು ಒಂದೇ ಸಾಲು: "ಮಂಗಳವಾರ ದೋಣಿಗೆ ಬರ್ತೀನಿ, ಕುದುರೆ ತಗೊಂಡು ಬಾ." ಓತಿಲಿಯಾ ಕಳಿಸುತ್ತಿದ್ದುದು ನಾಲ್ಕು ಹಾಳೆ. ಕೋಳಿಯ ಮುನಿಸು, ತನ್ನ ಮಂಡಿನೋವು, ಪಾದ್ರಿಯ ಪ್ರವಚನದ ಉದ್ದ, ಎಲ್ಲವೂ ಅದರಲ್ಲಿ. ಅವಳದು ಶುರುವಾದರೆ ಗಂಡಹೆಂಡಿರ ಜಗಳಕ್ಕೆ ಕದನವಿರಾಮ. ಉಕ್ಕುವ ಹಾಲೂ ಒಂದು ಗಳಿಗೆ ತಡೆದು ನಿಲ್ಲುತ್ತಿತ್ತಂತೆ.

ಇಷ್ಟು ದೊಡ್ಡ ಕಾವ್ಯವೆಲ್ಲ ಒಬ್ಬನಿಗಾಗಿ: ದೂರದ ದಕ್ಷಿಣದಲ್ಲಿ ಕುರಿಯ ಉಣ್ಣೆ ಕತ್ತರಿಸುತ್ತಿದ್ದ ತಮ್ಮ ರುಪೆರ್ತೊಗೆ.

ಆ ವರ್ಷ ಕಡಲು ಅವಳ ಮರದ ಮನೆಯ ಮೆಟ್ಟಿಲು ನೆಕ್ಕತೊಡಗಿತು. ಚಳಿಗಾಲದ ಉಬ್ಬರಕ್ಕೆ ಮುಂಚೆ ಮನೆಯನ್ನು ಗುಡ್ಡಕ್ಕೆ ಎಳೆಸದಿದ್ದರೆ ಮನೆ ಕಡಲಿನ ಪಾಲು. ಮನೆ ಎಳೆಯುವುದು ನಮ್ಮಲ್ಲಿ ಮುಯ್ಯಾಳಿನ ಕೆಲಸ, ಮಿಂಗಾ ಎನ್ನುತ್ತೇವೆ. ಮನೆಯವರು ಬಾಗಿಲು ಬಾಗಿಲಿಗೆ ಹೋಗಿ ಕೇಳಿಕೊಳ್ಳಬೇಕು. ಕೇಳಿಸಿಕೊಂಡವರು ಒಲ್ಲೆ ಎನ್ನುವಂತಿಲ್ಲ. ಓತಿಲಿಯಾಳ ಮಂಡಿ ಮೂರನೆಯ ಬಾಗಿಲಿಗೇ ಶರಣಾಯಿತು. ತಮ್ಮ ಬಂದು ತನ್ನ ಪರವಾಗಿ ಸುತ್ತಲಿ ಎಂದು ಅವಳು ಪೆನ್ಸಿಲು ಹಿಡಿದಳು.

"ಮನೆಗೂ ನನ್ನ ಹಾಗೇ ಮಂಡಿ ಹೋಗಿದೆ. ನಿನ್ನೆ ಏಡಿಯೊಂದು ಒಳಗ್ಬಂದು ಒಲೆ ಹತ್ರ ಬೆಚ್ಚಗೆ ಕೂತ್ಕೊಂತು. ಓಡ್ಸೋಕೆ ಮನಸ್ಸು ಬರ್ಲಿಲ್ಲ. ನಾಳೆ ಅದೇ ಮನೆಯೊಡತಿ ಆಗ್ಬಹುದು. ಶನಿವಾರ ಬಾ. ನೀನು ಬರ್ಲಿಲ್ಲ ಅಂದ್ರೆ ನಾನೊಬ್ಳೇ ಹಗ್ಗ ಹಿಡೀತೀನಿ."

ಹಾಳೆಗಳು ದೋಣಿಯವನ ಅಂಗಿ ಜೇಬಿನಲ್ಲಿ ಪಟ್ಟಣಕ್ಕೆ ಹೊರಟವು. ದಾರಿಯಲ್ಲಿ ಒಂದು ಅಲೆ ಬಡಿದು ಮೇಲಿನ ಸಾಲು, ಅಂದರೆ ರುಪೆರ್ತೊನ ಹೆಸರು, ಅಳಿಸಿಹೋಯಿತು. ಬಂದ ಕಾಗದವನ್ನು ಓದದೆ ಬಿಟ್ಟವನಲ್ಲ ರೇಡಿಯೊದ ವಲ್ದೆಮಾರ್. ಉಳಿದದ್ದನ್ನು ಗಂಟಲು ತುಂಬಿ ಓದಿದ.

ಒಂಬತ್ತು ದ್ವೀಪಗಳ ಅಡುಗೆಮನೆಗಳಲ್ಲಿ ಚಮಚ ನಿಂತವು.

"ಯಾರಿಗೆ ಹೇಳ್ತಿದ್ದಾಳೆ?"

"ಹೆಸರು ಹೇಳ್ಲಿಲ್ಲ."

"ಹಾಗಾದ್ರೆ ನಿಮಗೇ. ಏಳ್ರೀ, ಎತ್ತು ಹೊರಡ್ಸಿ!"

ಶನಿವಾರ ಓತಿಲಿಯಾ ಬಾಗಿಲು ತೆರೆದರೆ ಕಡಲೇ ಕಾಣಲಿಲ್ಲ! ಮೂವತ್ತೇಳು ದೋಣಿಗಳು. ಎತ್ತುಗಳು ದೋಣಿಗಳ ಮೂತಿಯಲ್ಲಿ ನೌಕಾ ಸೇನಾಪತಿಗಳಂತೆ ನಿಂತಿದ್ದವು. ಹೆಂಗಸರು ಆಲೂಗಡ್ಡೆ, ಕಪ್ಪೆಚಿಪ್ಪಿನ ಬುಟ್ಟಿ ಹೊತ್ತು ಮೊಣಕಾಲು ನೀರಿಗೆ ಇಳಿದರು.

"ಓತಿಲಿಯಕ್ಕಾ, ಏಡಿ ಎಲ್ಲಿ?" ಎಂದು ಮೊದಲು ಕಿರುಚಿದವನ ಮುಖವನ್ನು ಅವಳು ಹುಟ್ಟಿದಾರಭ್ಯ ಕಂಡಿರಲಿಲ್ಲ.

"ನಿಮ್ಮನ್ನ್ಯಾರಪ್ಪಾ ಕರೆದ್ರು?"

"ಚೆನ್ನಾಗಿದೆ! ಬರ್ಲಿಲ್ಲ ಅಂದ್ರೆ ಒಬ್ಳೇ ಎಳೀತೀನಿ ಅಂತ ಹೆದರ್ಸಿದ್ದು ನೀವೇ ಅಲ್ವಾ?"

ಇಪ್ಪತ್ತು ಜೋಡಿ ಎತ್ತು ಕುತ್ತಿಗೆ ಬಗ್ಗಿಸಿದವು. ಮನೆ ನರಳಿತು, ಅಲುಗಿತು, ಮರದ ದಿಮ್ಮಿಗಳ ಮೇಲೆ ತೇರಿಗೂ ಇಲ್ಲದ ಗತ್ತಿನಲ್ಲಿ ಹೊರಟೇಬಿಟ್ಟಿತು! ಒಲೆ ಆರಿಸಲು ಯಾರಿಗೂ ನೆನಪಿರಲಿಲ್ಲ; ಚಿಮಣಿ ಹೊಗೆಯಾಡಿಸುತ್ತಲೇ ಗುಡ್ಡ ಹತ್ತಿತು. ಸಂಜೆಗೆ ಮನೆ ಮೇಲೆ, ಕಡಲು ಕೆಳಗೆ. ಕಾದ ಕಲ್ಲಿನ ಗುಂಡಿಯಲ್ಲಿ ಚಿಪ್ಪು ಬೇಯುತ್ತಿತ್ತು, ಅಕಾರ್ಡಿಯನ್ ಕೂಗುತ್ತಿತ್ತು.

ವಲ್ದೆಮಾರ್ ರೆಕಾರ್ಡರು ಹಿಡಿದು ಬಂದ. "ಅಕ್ಕಾ, ರುಪೆರ್ತೊ ಫೋನ್ ಮಾಡಿದ್ದ. ಸಂದೇಶ ಕೇಳಿದ್ನಂತೆ. 'ನನ್ನ ಹೆಸರು ಹೇಳ್ಲಿಲ್ವಲ್ಲ, ಇನ್ಯಾರ್ಗೋ ಅಂದ್ಕೊಂಡೆ' ಅಂದ. ಹೋಗ್ಲಿ ಬಿಡಿ. ಒಂಬತ್ತು ದ್ವೀಪಾನೇ ಎಬ್ಬಿಸಿದ ಬರಹ! ಇದರ ಗುಟ್ಟೇನು, ಕೇಳುಗರಿಗೆ ಹೇಳಿ!"

ಓತಿಲಿಯಾ ಕೈ ಒರೆಸಿಕೊಂಡಳು.

"ಗುಟ್ಟೇನು ಬಂತು? ಒಂದು ಸಾಲಿಗೆ ಬರೋ ಪೈಕಿ ಅಲ್ಲ ನನ್ನ ತಮ್ಮ, ಅದಕ್ಕೇ ಉದ್ದ ಬರೀತಿದ್ದೆ. ನೋಡಿ, ನಾಲ್ಕು ಹಾಳೆಗೂ ಬರ್ಲಿಲ್ಲ."